ಹೆಸರು ಹೇಳಿದ ಸೊಸೆ

ನಮ್ಮ ದೊಡ್ಡ ಡಾಕ್ಟರು ಯಾವ ಲೇಖನವನ್ನೂ ಮೊದಲಿನಿಂದ ಓದಿದವರಲ್ಲ. ಬೆಂಗಳೂರಿನಿಂದ ಅಂಚೆಯಲ್ಲಿ ವೈದ್ಯಕೀಯ ಪತ್ರಿಕೆಗಳ ಕಟ್ಟು ಬಂದರೆ, ಸುತ್ತಿದ ಕಾಗದ ಹರಿದು, ನೇರವಾಗಿ ಲೇಖನದ ಕೊನೆಗೆ ಹೋಗುತ್ತಿದ್ದರು. ತಮಗಿಂತ ಮೊದಲು ಆ ವಿಷಯದಲ್ಲಿ ಯಾರು ಯಾರು ಏನೇನು ಬರೆದಿದ್ದಾರೆ ಎಂಬುದನ್ನು ಲೇಖಕರು ಅಲ್ಲಿ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಆ ಸಣ್ಣ ಅಕ್ಷರಗಳ ಮೇಲೆ ಇವರ ಬೆರಳು ನಿಧಾನವಾಗಿ ಇಳಿಯುತ್ತಿತ್ತು. ತಮ್ಮ ಹೆಸರು ಸಿಕ್ಕಿತೋ, ಜೀಪಿನ ಡ್ರೈವರಿಗೂ ನನಗೂ ಬಸ್ ಸ್ಟ್ಯಾಂಡಿನ ಹೋಟೆಲಿನಿಂದ ಕಾಫಿ ಬರುತ್ತಿತ್ತು. ಸಿಗಲಿಲ್ಲವೋ, ಅದನ್ನು ಬರೆದವನಿಗೆ ಏನೇನೂ ಗೊತ್ತಿಲ್ಲ ಎಂದು ತೀರ್ಮಾನವಾಗಿ ಪತ್ರಿಕೆ ಮೇಜಿನ ಕೆಳಗೆ ಬೀಳುತ್ತಿತ್ತು.

ಅವರು ಮೆದುಳು, ನರಗಳ ವಿಷಯ ಓದಿಕೊಂಡ ವಿಜ್ಞಾನಿ. ಉತ್ತರದ ಕಡೆಯವರು, ವಿದೇಶದಲ್ಲಿ ಕಲಿತು ಬಂದವರು. ಆಗಲೇ ಒಂದು ಟ್ರಂಕು ತುಂಬುವಷ್ಟು ಲೇಖನಗಳನ್ನು ಅಚ್ಚು ಹಾಕಿಸಿದ್ದರು, ಆ ಟ್ರಂಕನ್ನು ಸೊರಬಕ್ಕೂ ಹೊರಿಸಿಕೊಂಡು ಬಂದಿದ್ದರು. ವಿದ್ವಾಂಸನ ಬೆಲೆ ಅವನು ಎಷ್ಟು ಬರೆದ ಎನ್ನುವುದರಲ್ಲಿಲ್ಲ, ಅವನ ಹೆಸರನ್ನು ಇತರರು ಎಷ್ಟು ಸಲ ಎತ್ತುತ್ತಾರೆ ಎನ್ನುವುದರಲ್ಲಿದೆ ಎಂದು ನನಗೆ ಅವರೇ ಹೇಳಿಕೊಟ್ಟದ್ದು. ಹಾಗಾದರೆ ನಮ್ಮ ಓಣಿಯ ಪುಂಡ ಹುಡುಗನೊಬ್ಬ ದೊಡ್ಡ ವಿದ್ವಾಂಸನಿರಬೇಕು, ದಿನಾ ಬೆಳಿಗ್ಗೆ ಎಲ್ಲರೂ ಅವನ ಹೆಸರೇ ಎತ್ತುತ್ತಾರೆ ಎಂದೆ. ಅವರು ನಗಲಿಲ್ಲ. ಆಗ ನನ್ನ ವಯಸ್ಸು ಚಿಕ್ಕದು, ಬಾಯಿ ದೊಡ್ಡದು.

ಐವತ್ತರ ದಶಕದ ಕೊನೆಯ ವರ್ಷಗಳವು. ಕ್ಯಾಸನೂರು ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸೊಪ್ಪು, ಒಣಗಿ ಉದುರಿದ ದರಗು ತರಲು ಕಾಡಿಗೆ ಹೋದವರು ಜ್ವರ ಹಿಡಿದು ಮಲಗುತ್ತಿದ್ದರು. ಜ್ವರದ ಮೂಲ ಹುಡುಕಲು ಬಂದವರು ಬೇರೆ ಇದ್ದರು. ನಮ್ಮವರು ಬಂದದ್ದು ಜ್ವರ ಬಿಟ್ಟ ಮೇಲೆ ಕೆಲವರಲ್ಲಿ ಕಾಣುತ್ತಿದ್ದ ಇನ್ನೊಂದು ಅವಸ್ಥೆಯನ್ನು ನೋಡಲು. ಮನುಷ್ಯ ಹುಷಾರಾದ, ಎದ್ದು ಗಂಜಿ ಕುಡಿದ ಅನ್ನುವಷ್ಟರಲ್ಲಿ ಮತ್ತೆ ಜ್ವರ ಬರುತ್ತಿತ್ತು. ಈ ಸಲ ಕುತ್ತಿಗೆ ಬಿಗಿಯುತ್ತಿತ್ತು, ಕೈ ನಡುಗುತ್ತಿತ್ತು, ಕೆಲವರಿಗೆ ಮಾತು ಏರುಪೇರಾಗುತ್ತಿತ್ತು. ಜ್ವರ ಮೆದುಳಿನವರೆಗೆ ಹೋಗಿದೆಯೇ, ಹೋದರೆ ಏನು ಮಾಡುತ್ತದೆ, ಬಿಟ್ಟು ಹೋಗುತ್ತದೆಯೇ ಎಂಬುದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ನಾನು ಶಿಕಾರಿಪುರದವಳು. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಊರಿಗೆ ಬಂದು, ಹೆರಿಗೆ ನೋಡಿಕೊಂಡಿದ್ದೆ. ಕಾಡಂಚಿನ ಹೆಂಗಸರು ಗಂಡಸು ಡಾಕ್ಟರ ಕೈಯಲ್ಲಿ ಮೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ, ಅದಕ್ಕೆ ನನ್ನನ್ನು ವಾರದಲ್ಲಿ ಕೆಲವು ದಿನ ಸೊರಬಕ್ಕೆ ಹಾಕಿದರು. ಜ್ವರದವರಿಗೆಂದು ಅಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಹಳೆಯ ಉಗ್ರಾಣವನ್ನು ಬಾಡಿಗೆಗೆ ಹಿಡಿದಿದ್ದರು. ಎಷ್ಟು ಫಿನಾಯಿಲ್ ಹಾಕಿ ತೊಳೆದರೂ ಅಡಿಕೆ ಚೊಗರಿನ ವಾಸನೆ ಹೋಗಿರಲಿಲ್ಲ. ಜಗಲಿಯ ಮೇಲೆ ಕೂತು ಜ್ವರ, ನಾಡಿ, ಕಣ್ಣು, ನಾಲಿಗೆ ನೋಡುವುದು ನನ್ನ ಪಾಲು. ಒಳಕೋಣೆಯಲ್ಲಿ ಮೆದುಳಿನ ಪರೀಕ್ಷೆ ದೊಡ್ಡ ಡಾಕ್ಟರದು. ಆ ಕೋಣೆಗೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ, ಜಗಲಿ ಖಾಲಿಯಾಗದ್ದರಿಂದ ನಾನೂ ಹೋಗುತ್ತಿರಲಿಲ್ಲ.

ಪರೀಕ್ಷೆಗೆ ಅವರಿಗೆ ದುಭಾಷಿ ಬೇಕಿರಲಿಲ್ಲ. ಬಂದ ಹೊಸತರಲ್ಲೇ ಯಾರಿಂದಲೋ ಮೂರು ಪ್ರಶ್ನೆಗಳನ್ನು ಕನ್ನಡದಲ್ಲಿ ಬಾಯಿಪಾಠ ಮಾಡಿಕೊಂಡಿದ್ದರು: ನಿಮ್ಮ ಹೆಸರೇನು, ನಿಮ್ಮ ಊರು ಯಾವುದು, ಗಂಡನ ಹೆಸರೇನು. ಗಂಡಸರಿಗಾದರೆ ಹೆಂಡತಿಯ ಹೆಸರು. ತಲೆ ಸರಿಯಿದ್ದವನಿಗೆ ಇಷ್ಟಾದರೂ ನೆನಪಿರಬೇಕು ಎಂಬುದು ಅವರ ಲೆಕ್ಕ. ಮೂರಕ್ಕೂ ಉತ್ತರ ಬಂದರೆ ಮೆದುಳು ಕ್ಷೇಮ. ತಡವರಿಸಿದರೆ, ಸುಮ್ಮನಾದರೆ, ಜ್ವರ ಅಲ್ಲಿಗೆ ಮುಟ್ಟಿದೆ ಎಂದು ಗುರುತು. ಹೀಗೆ ಆ ಚಳಿಗಾಲವೆಲ್ಲ ಗುರುತು ಹಾಕಿ, ಒಂದು ದೊಡ್ಡ ಲೇಖನದ ಮುಕ್ಕಾಲು ಭಾಗ ಬರೆದಿಟ್ಟಿದ್ದರು. ಈ ಕಾಯಿಲೆ ಹೆಂಗಸರ ನೆನಪನ್ನು ಗಂಡಸರಿಗಿಂತ ಬಹಳ ಹೆಚ್ಚು ಕೆಡಿಸುತ್ತದೆ ಎಂಬುದು ಅದರ ಮುಖ್ಯ ಮಾತು. ಇದನ್ನು ಜಗತ್ತಿನಲ್ಲಿ ಯಾರೂ ಬರೆದಿಲ್ಲ, ಇನ್ನು ಮುಂದೆ ಈ ಜ್ವರದ ಬಗ್ಗೆ ಬರೆಯುವ ಪ್ರತಿಯೊಬ್ಬನೂ ನನ್ನ ಹೆಸರು ಹಾಕದೆ ಬರೆಯಲಾರ ಎಂದು ಕಾಫಿ ಕುಡಿಯುತ್ತಾ ಹೇಳಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಒಳಗೆ ಕೇಳುವ ಪ್ರಶ್ನೆಗಳು ಯಾವುವೆಂದು ಆಗ ನನಗೆ ಗೊತ್ತಿರಲಿಲ್ಲ, ನಾನೂ ವಿಚಾರಿಸಲಿಲ್ಲ.

ಆ ದಿನಗಳಲ್ಲೇ ಆ ಸೊಸೆ ಬಂದಳು. ಕಾಡಿಗೆ ಅಂಟಿಕೊಂಡ ಒಂದು ಹಳ್ಳಿಯ ರೈತರ ಮನೆಯವಳು. ಮದುವೆಯಾಗಿ ಎರಡನೆಯ ವರ್ಷ, ಇನ್ನೂ ಮಕ್ಕಳಿಲ್ಲ. ದರಗು ಗುಡಿಸಲು ಹೋಗಿ ಜ್ವರ ಹಿಡಿಸಿಕೊಂಡಿದ್ದಳು. ಮೊದಲ ಜ್ವರ ಇಳಿದಾಗ ಅತ್ತೆಯೇ ಕೈಯಾರೆ ಎಣ್ಣೆ ಹಚ್ಚಿ ಎರೆದಿದ್ದಳಂತೆ. ಎರಡನೆಯ ಜ್ವರ ಬಂತು, ಅದೂ ಇಳಿಯಿತು. ಆದರೆ ಎದ್ದು ಕೂತವಳು ಮೊದಲಿನ ಸೊಸೆಯಾಗಿರಲಿಲ್ಲ. ಅಂಗಳದಾಚೆ ಎತ್ತು ಕಟ್ಟುತ್ತಿದ್ದ ಗಂಡನನ್ನು ಅವನ ಹೆಸರು ಹಿಡಿದು, ಕರುವನ್ನು ಕರೆದಂತೆ ಕೂಗಿದಳು. ಊರಿನ ಹಿರಿಯರು ಜಗಲಿಯ ಮೇಲೆ ಕೂತಿದ್ದಾಗಲೇ ಕೂಗಿದಳು. ಅತ್ತೆಯ ಸಾರು ಬಚ್ಚಲ ನೀರಿನ ಹಾಗಿದೆ ಎಂದಳು. ಮಾವನ ಮುಂದೆ ಸೆರಗಿನ ಪರಿವೆಯಿಲ್ಲದೆ ಗಹಗಹಿಸಿ ನಕ್ಕಳು.

ಈಗಿನವರಿಗೆ ಇದರಲ್ಲಿ ಏನಿದೆ ಎನ್ನಿಸಬಹುದು. ಆಗ ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದೆಂದರೆ ಬಟ್ಟೆ ಬಿಚ್ಚಿ ಬೀದಿಗೆ ಬಂದಷ್ಟೇ ದೊಡ್ಡ ಮಾತು. ಮದುವೆ, ಸೀಮಂತದಲ್ಲಿ ಎಲ್ಲರೂ ಬಾಗಿಲಿಗೆ ಅಡ್ಡ ನಿಂತು ಕಾಡಿದರೆ, ಒಡಪು ಕಟ್ಟಿ, ಹಾಡಿನ ನಡುವೆ ಬಚ್ಚಿಟ್ಟು ಒಂದು ಸಲ ಹೇಳಿ ಓಡಿಹೋಗುತ್ತಿದ್ದರು. ಉಳಿದಂತೆ ಅವರು, ಇವರು, ನಮ್ಮನೆಯವರು, ಇಂಥವನ ಅಪ್ಪ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬ ಹೆದರಿಕೆಯೂ ಇತ್ತು. ನನಗೆ ಈ ಪದ್ಧತಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜಿಗೆ ಹೋದ ಮೊದಲ ವರ್ಷವೇ ಈ ವಿಷಯಕ್ಕೆ ಅಮ್ಮನ ಹತ್ತಿರ ಜಗಳವಾಡಿ ಎರಡು ಹೊತ್ತು ಊಟ ಬಿಟ್ಟಿದ್ದೆ.

ಮಾವ ಕಟ್ಟುನಿಟ್ಟಿನ ಮನುಷ್ಯ, ಆದರೆ ಕೆಟ್ಟವನಲ್ಲ. ಜ್ವರ ತಲೆಗೇರಿರಬಹುದು, ಸೊರಬದಲ್ಲಿ ತಲೆಯ ಡಾಕ್ಟರು ಇದ್ದಾರೆ, ತೋರಿಸೋಣ ಎಂದು ಗಾಡಿ ಕಟ್ಟಿಸಿ, ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡು ಬಂದ. ಅವತ್ತು ಶಿಕಾರಿಪುರದಲ್ಲಿ ಕಷ್ಟದ ಹೆರಿಗೆಯೊಂದು ಬಂದು ನಾನು ಅಲ್ಲೇ ಉಳಿದಿದ್ದೆ. ದೊಡ್ಡ ಡಾಕ್ಟರು ಹುಡುಗಿಯನ್ನು ಕೂರಿಸಿ ತಮ್ಮ ಮೂರು ಪ್ರಶ್ನೆ ಕೇಳಿದರು. ಅವಳು ತನ್ನ ಹೆಸರು ಹೇಳಿದಳು, ಊರು ಹೇಳಿದಳು, ಗಂಡನ ಹೆಸರನ್ನು ಅಪ್ಪನ ಹೆಸರಿನ ಸಮೇತ ಪಟಪಟನೆ ಹೇಳಿದಳು. ಅಷ್ಟು ಚೆನ್ನಾಗಿ ಉತ್ತರ ಕೊಟ್ಟ ಹೆಂಗಸನ್ನು ಅವರು ಆ ತನಕ ಕಂಡೇ ಇರಲಿಲ್ಲ. ಬೆನ್ನು ತಟ್ಟಿ, ಹೊರಗೆ ಬಂದು, ಅಟೆಂಡರ್ ಕೈಲಿ ಹೇಳಿಸಿದರು: ಕೈನಡುಕ ಸ್ವಲ್ಪ ಇದೆ, ಹೋಗುತ್ತದೆ, ತಲೆಗೆ ಏನೂ ಆಗಿಲ್ಲ, ಇವಳ ಬುದ್ಧಿ ನಿಮ್ಮೆಲ್ಲರಿಗಿಂತ ಚುರುಕಾಗಿದೆ.

ಮಾರನೆಯ ದಿನ ನಾನು ಸೊರಬಕ್ಕೆ ಬಂದಾಗ ಆ ಗಾಡಿ ಇನ್ನೂ ಉಗ್ರಾಣದ ಮುಂದೆಯೇ ನಿಂತಿತ್ತು. ಎತ್ತಿನ ಕಾಲಿಗೆ ಏನೋ ಆಗಿ ರಾತ್ರಿ ಅಲ್ಲೇ ತಂಗಿದ್ದರು. ಹುಡುಗಿ ಗಾಡಿಯೊಳಗೆ ಮುದುರಿ ಕೂತಿದ್ದಳು. ಡಾಕ್ಟರಮ್ಮ ಬಂದಿದ್ದಾಳೆಂದು ಅತ್ತೆ ಬಂದು ಮಾತಿಗೆ ನಿಂತಳು. ಅಮಾವಾಸ್ಯೆ ಕಳೆದ ಕೂಡಲೇ ಸೊಸೆಯನ್ನು ತವರಿಗೆ ಬಿಟ್ಟು ಬರುವುದೆಂದು ಮಾವ ತೀರ್ಮಾನಿಸಿದ್ದ. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಆಗಲೇ ಬಂದಿತ್ತು.

“ತಲೆ ಕೆಟ್ಟೈತೆ ಅಂದಿದ್ರೆ ಮದ್ದು ಮಾಡಿಸ್ತಿದ್ವಿ ಡಾಕ್ಟ್ರಮ್ಮ,” ಅಂದಳು ಅತ್ತೆ. “ಎಲ್ಲಾ ಸರಿ ಐತೆ ಅಂದ್ರು ನಿಮ್ ದೊಡ್ಡ ಡಾಕ್ಟ್ರು. ಸರಿ ಇದ್ದೂ ಗಂಡನ್ನ ಹಿಂಗೆ ಕರೀತಾಳೆ ಅಂದ್ರೆ ಅದು ಸೊಕ್ಕೇ ಅಲ್ವ? ಸೊಕ್ಕಿಗೆ ಎಲ್ಲಿ ಮದ್ದು ತರಾದು?”

ನಾನು ಗಾಡಿಯೊಳಗೆ ಹತ್ತಿ ಕೂತೆ. ಹುಡುಗಿಯ ಕೈ ಹಿಡಿದರೆ ಬೆರಳುಗಳು ಒಂದೇ ಸಮ ನಡುಗುತ್ತಿದ್ದವು. ಕುತ್ತಿಗೆ ಬಗ್ಗಿಸಲು ಹೋದರೆ ಮುಖ ಕಿವುಚಿದಳು. ನನ್ನ ಮೂಗು ಮೊಂಡು ಎಂದು ನಕ್ಕಳು. ಆ ನಗು ಮುಗಿಯುವ ಮೊದಲೇ ಅಳುವುದಕ್ಕೆ ಶುರುಮಾಡಿದಳು.

“ಬಾಯಿಗೆ ಬಂದಿದ್ದು ಬಂದೇ ಬಿಡ್ತದೆ,” ಅಂದಳು. “ತಡಿಯಾಕೆ ಆಗಾದಿಲ್ಲ. ಅಂದ ಮೇಲೆ ಅಯ್ಯೋ ಅನ್ನಿಸ್ತದೆ.”

ನನಗೆ ಅಷ್ಟು ಸಾಕಾಗಿತ್ತು. ತಡೆಯಬೇಕಾದ್ದನ್ನು ತಡೆಯುವ ಒಂದು ಶಕ್ತಿ ನಮ್ಮ ತಲೆಯಲ್ಲಿರುತ್ತದೆ. ಇವಳಲ್ಲಿ ಜ್ವರ ಮುಟ್ಟಿದ್ದು ಅದನ್ನು, ನೆನಪನ್ನಲ್ಲ. ಒಳಗೆ ಹೋಗಿ ದೊಡ್ಡ ಡಾಕ್ಟರಿಗೆ ಹೇಳಿದೆ, ಈ ಹುಡುಗಿಗೆ ಕಾಯಿಲೆಯಿದೆ, ದಯವಿಟ್ಟು ನೀವೇ ಹೊರಗೆ ಬಂದು ಹೇಳಬೇಕು ಎಂದು. ನಾನು ಚಿಕ್ಕ ಡಾಕ್ಟರು, ಅದೂ ಇದೇ ಸೀಮೆಯ ಹೆಂಗಸು. ನನ್ನ ಮಾತು ಆ ಮಾವನಿಗೆ ನಾಟುವುದಿಲ್ಲ. ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ಅವಳು ಗಂಡನ ಹೆಸರನ್ನು ತಟ್ಟನೆ ಹೇಳಿದಳು, ಇನ್ನೇನು ಬೇಕು ಎಂದರು. ಅದನ್ನು ಹೇಳಿದ್ದೇ ಕಾಯಿಲೆ ಎಂದೆ. ಇದು ಯಾವ ಪಾಠದಲ್ಲಿದೆ, ಯಾರು ಬರೆದಿದ್ದಾರೆ, ತೋರಿಸು ಎಂದರು. ನಾನು ಏನು ತೋರಿಸಲಿ? ನಮ್ಮ ಅಜ್ಜಿ, ಮುತ್ತಜ್ಜಿಯರು ಯಾವ ಪತ್ರಿಕೆಗೂ ಬರೆದವರಲ್ಲ. ದೊಡ್ಡ ಡಾಕ್ಟರ ಮೇಜಿನ ಮೇಲಿದ್ದ ಹಾಳೆಗಳನ್ನು ಅವತ್ತೇ ಮೊದಲು ನೋಡಿದೆ. ಸುಮ್ಮನಿದ್ದ ಹೆಂಗಸರೆಲ್ಲ ಮೆದುಳು ಕೆಟ್ಟವರ ಸಾಲಿನಲ್ಲಿದ್ದರು. ಮಾನವಂತ ಹೆಂಗಸರ ಒಂದು ಊರನ್ನೇ ಅವರು ಹುಚ್ಚರನ್ನಾಗಿ ಮಾಡಿಟ್ಟಿದ್ದರು, ನಿಜವಾಗಿ ಕಾಯಿಲೆಯಾದ ಒಬ್ಬಳನ್ನು ಮನೆಗೆ ಕಳಿಸಿದ್ದರು.

ಕೂಗಾಡಬೇಕೆನ್ನಿಸಿತು. ಆದರೆ ಕೂಗಾಡಿದರೆ ಆ ಟ್ರಂಕಿನ ಮನುಷ್ಯ ಇನ್ನಷ್ಟು ಬಿಗಿಯಾಗುತ್ತಾರೆ, ಅಮಾವಾಸ್ಯೆಗೆ ಹೆಚ್ಚು ದಿನವಿಲ್ಲ. ಬದಲಿಗೆ ಅವರನ್ನು ಶಿಕಾರಿಪುರಕ್ಕೆ, ನಮ್ಮ ಮನೆಗೆ ಊಟಕ್ಕೆ ಕರೆದೆ. ಒಂಟಿಯಾಗಿ ಹೋಟೆಲ್ ಅನ್ನ ತಿಂದು ಬೇಸತ್ತಿದ್ದವರು ಕೂಡಲೇ ಒಪ್ಪಿದರು.

ಅವರಿಗೆ ಈ ಪದ್ಧತಿ ತಿಳಿಯದಿದ್ದದ್ದು ಹೇಗೆ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಅವರ ಕಡೆಯೂ ಹೆಂಗಸರು ಹೀಗೇ ಇದ್ದಿರಬೇಕು. ಆದರೆ ಅವರು ತೀರ ಚಿಕ್ಕವರಿದ್ದಾಗಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲುಗಳಲ್ಲಿ ಬೆಳೆದವರು. ಮದುವೆಯಾದದ್ದು ಜೊತೆಗೆ ಓದಿದ ವಿದೇಶಿ ಹೆಂಗಸನ್ನು. ಆಕೆ ಇವರನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಹೆಂಡತಿ ಗಂಡನನ್ನು ಬೇರೆ ಹೇಗೆ ಕರೆಯಬಹುದು ಎಂದು ಯೋಚಿಸುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ಅಮ್ಮ ಅವತ್ತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದ್ದಳು. ಅಪ್ಪ, ದೊಡ್ಡ ಡಾಕ್ಟರು, ಜೀಪಿನ ಡ್ರೈವರು ಮೂವರೂ ಪಡಸಾಲೆಯಲ್ಲಿ ಕೂತಿದ್ದರು. ಡ್ರೈವರು ಶಿಕಾರಿಪುರದ ಸಾಬರ ಮನೆಯವರು, ಅಪ್ಪನಿಗೆ ಹಳೆಯ ಸ್ನೇಹಿತರು. ಎರಡನೆಯ ರೊಟ್ಟಿ ಬೀಳುವ ಹೊತ್ತಿಗೆ ನಾನು ದೊಡ್ಡ ಡಾಕ್ಟರಿಗೆ ಇಂಗ್ಲಿಷಿನಲ್ಲಿ, ನಮ್ಮ ಅಮ್ಮನನ್ನು ಸ್ವಲ್ಪ ಪರೀಕ್ಷೆ ಮಾಡುತ್ತೀರಾ ಎಂದೆ. ಅವರಿಗೆ ತಮ್ಮ ಕನ್ನಡ ತೋರಿಸುವ ಹುರುಪು. ನಿಮ್ಮ ಹೆಸರೇನು ಎಂದರು. ಅಮ್ಮ ನಗುತ್ತಾ ಹೇಳಿದಳು. ನಿಮ್ಮ ಊರು ಯಾವುದು ಎಂದರು. ತವರೂರನ್ನೂ ಸೇರಿಸಿ ಹೇಳಿದಳು. ಗಂಡನ ಹೆಸರೇನು ಎಂದರು.

ಅಮ್ಮ ರೊಟ್ಟಿಯ ಬುಟ್ಟಿ ನೋಡಿದಳು. ಅವರು ಮತ್ತೆ ಕೇಳಿದರು. ಅಮ್ಮ ಬಾಗಿಲ ಕಡೆ ನೋಡಿದಳು. ನಿಧಾನವಾಗಿ, ಬಿಡಿಸಿ ಬಿಡಿಸಿ ಮೂರನೆಯ ಸಲ ಕೇಳಿದರು. ಅಪ್ಪ ತಲೆ ತಗ್ಗಿಸಿ ಎಣ್ಣೆಗಾಯಿಯಲ್ಲಿ ಮುಳುಗಿದ್ದರು. ಅಮ್ಮ ನನ್ನ ಕಡೆ ಕಣ್ಣು ಬಿಟ್ಟು, “ಊಟಕ್ಕ ಕರದ್ರ ಇದೇನು ಕೇಳ್ತಾರ ಇವ್ರು? ನಿಮ್ಮಪ್ಪ ಅಲ್ಲೇ ಕುಂತಾರಲ್ಲ, ಅವರನ್ನೇ ಕೇಳಂತ ಹೇಳು,” ಎಂದು ಒಳಗೆ ನಡೆದುಬಿಟ್ಟಳು.

ನಮ್ಮ ಅಮ್ಮನನ್ನು ಯಾವ ಸಾಲಿಗೆ ಹಾಕುತ್ತೀರಿ ಎಂದು ಕೇಳಿದೆ. ಅವರು ಕೈಯಲ್ಲಿ ರೊಟ್ಟಿಯ ಚೂರು ಹಿಡಿದು ಹಾಗೇ ಕೂತರು. ಡ್ರೈವರು ತಮ್ಮ ಅರೆಬರೆ ಹಿಂದಿಯಲ್ಲಿ, ನಮ್ಮ ಮನೆಯಲ್ಲೂ ಇದೇ ಸಾರ್, ಇಪ್ಪತ್ತು ವರ್ಷವಾಯಿತು, ನನ್ನ ಹೆಂಡತಿ ನನ್ನ ಹೆಸರು ಹೇಳಿದ್ದು ನಾನಂತೂ ಕೇಳಿಲ್ಲ ಎಂದರು. ದೊಡ್ಡ ಡಾಕ್ಟರು ಅವರ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ಎಲ್ಲರೂ ಹೀಗೆಯೇ ಎಂದು ನನ್ನನ್ನು ಕೇಳಿದರು. ಎಲ್ಲರೂ ಎಂದೆ. ಹಾಗಾದರೆ ಆ ಹುಡುಗಿ ಎಂದು ಶುರುಮಾಡಿದವರು ಮಾತು ಮುಗಿಸಲಿಲ್ಲ.

ಮೊದಲು ಅವರಿಗೆ ಬಂದದ್ದು ಸಿಟ್ಟು. ಇಷ್ಟು ದಿನ ಯಾರೊಬ್ಬರೂ ನನಗೆ ಯಾಕೆ ಹೇಳಲಿಲ್ಲ ಎಂದರು. ನೀವು ಯಾರನ್ನು ಕೇಳಿದಿರಿ, ಜಗಲಿಯ ಮೇಲೆ ನಾನೊಬ್ಬಳು ಕೂತಿದ್ದೇನೆ ಎಂಬುದು ಕಾಫಿ ಬಂದಾಗ ಮಾತ್ರ ನಿಮಗೆ ನೆನಪಾಗುತ್ತದೆ ಎಂದೆ. ಅಪ್ಪ ಗಾಬರಿಯಾಗಿ ನನಗೆ ಕಣ್ಸನ್ನೆ ಮಾಡಿದರು. ಆಮೇಲೆ ಅವರ ಸಿಟ್ಟು ಇಳಿದು ಮುಖ ಬಾಡಿತು. ಆ ಲೇಖನದ ಮೇಲೆ ಅವರು ಪ್ರಾಣವನ್ನೇ ಇಟ್ಟಿದ್ದರು. ತಪ್ಪನ್ನು ಒಪ್ಪಿದರೆ ಅದು ಹೋದಂತೆಯೇ. ಒಪ್ಪದಿದ್ದರೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಲಂಡನ್ನಿನ ಸಂಪಾದಕನಿಗೆ ಸೊರಬದ ಹೆಂಗಸರ ಬಾಯಿ ಯಾಕೆ ಕಟ್ಟುತ್ತದೆಂದು ಗೊತ್ತಾಗುವುದು ಹೇಗೆ? ನನಗೆ ಅವರ ಮೇಲೆ ನಂಬಿಕೆ ಇರಲಿಲ್ಲ ಎಂದು ಬರೆಯುವುದೇ ಸರಿ. ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತಾರೆ ಎಂದೇ ಎಣಿಸಿದ್ದೆ. ಅವರು ಉಳಿದ ರೊಟ್ಟಿ ತಿಂದು, ಕೈ ತೊಳೆದು, ಆ ಹಳ್ಳಿಗೆ ಜೀಪು ಹೋಗುತ್ತದೆಯೇ ಎಂದು ಡ್ರೈವರನ್ನು ಕೇಳಿದರು.

ಮಾರನೆಯ ಬೆಳಿಗ್ಗೆ ಹೊರಟೆವು. ಸೊರಬ ದಾಟಿದ ಮೇಲೆ ಗಾಡಿದಾರಿ, ಅದೂ ಮುಗಿದ ಮೇಲೆ ಗದ್ದೆಯ ಬದು. ದೊಡ್ಡ ಡಾಕ್ಟರು ಬೂಟು ಕೈಯಲ್ಲಿ ಹಿಡಿದು ಹಳ್ಳ ದಾಟಿದರು. ಜೀಪಿನ ಸದ್ದು ಕೇಳಿ ಅರ್ಧ ಊರು ಆ ಮನೆಯ ಅಂಗಳದಲ್ಲಿ ಸೇರಿತ್ತು. ಮಾವ ಕಂಬಳಿ ಹಾಸಿ ಕೂರಲು ಹೇಳಿದ. ದೊಡ್ಡ ಡಾಕ್ಟರು ಕೂರದೆ, ನಿಂತುಕೊಂಡೇ, ನಾನು ಹೇಳಿದ್ದನ್ನು ಒಂದಕ್ಷರ ಬದಲಿಸದೆ ಕನ್ನಡದಲ್ಲಿ ಹೇಳು ಎಂದು ನನಗೆ ಹೇಳಿ ಶುರುಮಾಡಿದರು: ಮೊನ್ನೆ ನಾನು ಹೇಳಿದ್ದು ತಪ್ಪು. ನಿಮ್ಮ ಸೊಸೆಗೆ ಸೊಕ್ಕಿಲ್ಲ. ಜ್ವರ ಅವಳ ತಲೆಯನ್ನು ಮುಟ್ಟಿದೆ. ಅದು ನನಗೆ ತಿಳಿಯಲಿಲ್ಲ, ನಿಮಗೆ ತಿಳಿದಿತ್ತು.

ಡಾಕ್ಟರು ತಪ್ಪಾಯಿತು ಎನ್ನುವುದನ್ನು ಆ ಊರು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಾವ, ಹೀಗೆ ಆದವರು ವಾಸಿಯಾಗಿದ್ದಾರಾ, ಎಲ್ಲಿ ಬರೆದಿದೆ ಎಂದು ಕೇಳಿದ. ಓದು ಬಾರದ ಮನುಷ್ಯನ ಬಾಯಲ್ಲಿ ಅದೇ ಪ್ರಶ್ನೆ ಬಂದದ್ದಕ್ಕೆ ನಗು ಬಂದರೂ ನಗುವಂತಿರಲಿಲ್ಲ. ಎಲ್ಲೂ ಬರೆದಿಲ್ಲ ಎಂದರು ದೊಡ್ಡ ಡಾಕ್ಟರು. ಬೇರೆ ಜ್ವರಗಳಲ್ಲಿ ಹೀಗಾದವರು ಚೇತರಿಸಿಕೊಂಡದ್ದನ್ನು ನೋಡಿದ್ದೇನೆ, ಈ ಜ್ವರದಲ್ಲಿ ಏನಾಗುತ್ತದೋ ಖಂಡಿತ ಹೇಳಲಾರೆ, ವಾಸಿಯಾಗುತ್ತದೆ ಎಂದು ನಂಬಿದ್ದೇನೆ, ಯುಗಾದಿಯವರೆಗೆ ಅವಳನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿ ಎಂದರು.

ಮಾವ ಮಗನ ಕಡೆ ತಿರುಗಿದ. ಆ ಗಂಡ ಎನ್ನುವವನು ಇಷ್ಟು ಹೊತ್ತೂ ದನ ಕಟ್ಟುವ ಗೊಂತಿನ ಹತ್ತಿರ ನಿಂತು ಹಗ್ಗದ ಗಂಟು ಬಿಚ್ಚುತ್ತಿದ್ದ.

“ಇರಲಿ ಬಿಡು ಅಪ್ಪಯ್ಯ,” ಅಂದ. “ಅವಳು ಹೆಸರು ಹಿಡಿದು ಕರೆದ್ರೆ ನಾನು ಓ ಅಂತೀನಿ. ಅದಕ್ಕೇನೀಗ.”

ಹೆಂಗಸರ ನಡುವೆ ಯಾರೋ ಕಿಸಕ್ಕೆಂದರು. ಮಾವ ಗಂಭೀರವಾಗಿ ಎಲೆಯಡಿಕೆ ತಟ್ಟೆ ತರಿಸಿದ. ಯುಗಾದಿಯವರೆಗೆ ಎಂದು ಒಪ್ಪಿಗೆಯಾಯಿತು.

ಆಮೇಲಿನ ವಾರಗಳಲ್ಲಿ ಅವಕಾಶವಾದಾಗಲೆಲ್ಲ ಆ ಹಳ್ಳಿಗೆ ಹೋಗಿ ಬಂದೆ. ಕೊಡಲು ಅಂಥ ಔಷಧಿ ಏನೂ ಇರಲಿಲ್ಲ. ನಿದ್ದೆ, ಊಟ, ಯಾರೂ ಬೈಯದಿರುವುದು, ಇಷ್ಟನ್ನೇ ಮತ್ತೆ ಮತ್ತೆ ಹೇಳಿದೆ. ಅತ್ತೆಗೆ ಕಷ್ಟವಾಗಿದ್ದು ಮೂರನೆಯದು. ಆದರೂ ಕಾಯಿಲೆ ಎಂದು ಒಂದು ಸಲ ಗೊತ್ತಾದ ಮೇಲೆ ಆ ಹೆಂಗಸು ಬದಲಾದಳು. ಸಾರು ಬಚ್ಚಲ ನೀರು ಎಂದರೆ, ಹೌದು ಮಗ, ನಾಳೆ ಗಟ್ಟಿ ಮಾಡ್ತೀನಿ, ಇವತ್ತು ಉಣ್ಣು ಎನ್ನುತ್ತಿದ್ದಳಂತೆ. ಹುಡುಗಿಯ ಕೈನಡುಕ ಮೊದಲು ಕಡಿಮೆಯಾಯಿತು. ಲೋಟ ಚೆಲ್ಲದೆ ನೀರು ಕುಡಿದಳು. ಕಾರಣವಿಲ್ಲದ ನಗು ನಿಂತಿತು. ಆದರೆ ಗಂಡನನ್ನು ಕೂಗುವುದು ನಿಂತಿರಲಿಲ್ಲ, ಅವನು ಓ ಅನ್ನುವುದೂ. ಮಾವ ಪ್ರತಿ ಸಲವೂ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಯುಗಾದಿ ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ಕಡಿಮೆಯಾಗುತ್ತಿತ್ತು.

ಮಾವಿನ ಚಿಗುರು ಕೆಂಪಾಗಿದ್ದ ಒಂದು ದಿನ ದೊಡ್ಡ ಡಾಕ್ಟರೂ ಜೊತೆಗೆ ಬಂದರು. ಹುಡುಗಿ ಅಂಗಳ ಸಾರಿಸುತ್ತಿದ್ದಳು. ಕೈ ತೊಳೆದು ಬಂದು ಕೂತಳು. ಅವರು ತಮ್ಮ ಹಳೆಯ ಕನ್ನಡ ತೆಗೆದರು. ಹೆಸರು ಹೇಳಿದಳು. ಊರು ಹೇಳಿದಳು. ಗಂಡನ ಹೆಸರೇನು ಎಂದಾಗ ಬಾಯಿ ತೆರೆದಳು, ಹಾಗೇ ಮುಚ್ಚಿದಳು. ಕಿವಿಯವರೆಗೂ ಕೆಂಪಾಗಿ, ಸೆರಗು ಎಳೆದುಕೊಂಡು, ತಲೆ ತಗ್ಗಿಸಿ ಕೂತಳು. ಅವರು ಮತ್ತೆ ಕೇಳಿದರು.

“ಗೊತ್ತಿದ್ದೂ ಕೇಳ್ತಾರಲ್ಲ ಡಾಕ್ಟ್ರಮ್ಮ ಇವರು,” ಎಂದು ನನ್ನ ಹಿಂದೆ ಮುಖ ಮರೆಸಿಕೊಂಡಳು.

ಬಾಗಿಲ ಹಿಂದೆ ಅತ್ತೆ ಬಿಕ್ಕುವುದು ಕೇಳಿಸಿತು. ಮಾವ ಹಿತ್ತಲಿಗೆ ಹೋಗಲಿಲ್ಲ, ಅಲ್ಲೇ ಕಂಬಕ್ಕೆ ಒರಗಿ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ನನಗೂ ಕಣ್ಣು ತುಂಬಿತು. ಯಾವ ಪದ್ಧತಿಯನ್ನು ಸುಡಬೇಕೆಂದು ಊಟ ಬಿಟ್ಟಿದ್ದೆನೋ, ಅದು ಒಬ್ಬಳಲ್ಲಿ ಮರಳಿ ಬಂದದ್ದನ್ನು ನೋಡಿ ನನ್ನಷ್ಟು ಸಂತೋಷಪಟ್ಟವರು ಅವತ್ತು ಬೇರೆ ಇರಲಿಕ್ಕಿಲ್ಲ. ಈಗಲೂ ನಾನು ಆ ಪದ್ಧತಿಯ ಪರವಾಗಿಲ್ಲ. ಹೇಳಬೇಕೋ ಬೇಡವೋ ಎಂಬುದು ಮತ್ತೆ ಅವಳ ಕೈಗೆ ಬಂದಿತ್ತು, ನನ್ನ ಸಂತೋಷ ಅದಕ್ಕೆ. ಒಂದೇ ಒಂದು ಬೇಸರವೆಂದರೆ, ಗಂಡನ ಮುಖ ಸ್ವಲ್ಪ ಸಪ್ಪಗಾದಂತೆ ಕಂಡಿತು. ಅಷ್ಟು ದಿನ ಓಗೊಟ್ಟು ಅವನಿಗೆ ರೂಢಿಯಾಗಿರಬೇಕು.

ದೊಡ್ಡ ಡಾಕ್ಟರು ಹಳೆಯ ಹಾಳೆಗಳಲ್ಲಿ ಬಹುಪಾಲು ಹೊಡೆದು ಹಾಕಿದರು. ದೊಡ್ಡ ಲೇಖನ ಕರಗಿ, ಒಂದೆರಡು ಪುಟದ ಸಣ್ಣ ಟಿಪ್ಪಣಿಯಾಯಿತು. ಈ ಜ್ವರ ಕೆಲವರಲ್ಲಿ ಮಾತು ನಡತೆಯ ಕಡಿವಾಣವನ್ನು ಸಡಿಲಿಸುತ್ತದೆ,  ನಿಧಾನವಾಗಿ ಅದು ಮರಳಬಹುದು, ಹೆಂಗಸರನ್ನು ಪರೀಕ್ಷಿಸುವಾಗ ಊರಿನ ರೀತಿ ತಿಳಿದಿರಬೇಕು ಎಂದಿಷ್ಟು ಬರೆದರು. ದೊಡ್ಡ ಪತ್ರಿಕೆಗಳು ತೆಗೆದುಕೊಳ್ಳಲಿಲ್ಲ. ನಮ್ಮ ದೇಶದ್ದೇ ಒಂದು ಚಿಕ್ಕ ಪತ್ರಿಕೆಯಲ್ಲಿ ಅಚ್ಚಾಯಿತು. ಅದಾದ ಮೇಲೂ ಕಟ್ಟು ಬಂದಾಗಲೆಲ್ಲ ಅವರ ಬೆರಳು ಸಣ್ಣ ಅಕ್ಷರಗಳ ಮೇಲೆ ಇಳಿಯುತ್ತಿತ್ತು. ಅವರ ಹಳೆಯ ಲೇಖನಗಳ ಹೆಸರು ಆಗಾಗ ಸಿಗುತ್ತಿತ್ತು, ಕಾಫಿ ಬರುತ್ತಿತ್ತು. ಈ ಟಿಪ್ಪಣಿಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಮೊದಮೊದಲು ಅವರನ್ನು ಕೆಣಕುತ್ತಿದ್ದವಳು ನಾನು, ಆಮೇಲೆ ನಾನೇ ಅವರ ಕಣ್ಣು ತಪ್ಪಿಸಿ ಕೊನೆಯ ಪುಟಗಳನ್ನು ಹುಡುಕುವುದಕ್ಕೆ ಶುರುಮಾಡಿದ್ದೆ.

ಮುಂದಿನ ಚಳಿಗಾಲ ಜ್ವರ ಮತ್ತೆ ಬಂತು. ಒಂದು ಮಧ್ಯಾಹ್ನ ಗುಡವಿಯ ಆಚೆಯ ಊರಿನವರೊಬ್ಬರು ಒಬ್ಬ ಹೆಂಗಸನ್ನು ಗಾಡಿಯಲ್ಲಿ ಕರೆತಂದರು. ಮೂವತ್ತರ ಆಸುಪಾಸಿನವಳು. ಇಳಿಯುವಾಗಲೇ ಅತ್ತೆಯನ್ನು ಏಕವಚನದಲ್ಲಿ ಬೈಯುತ್ತಿದ್ದಳು, ಕೈ ಗಡಗಡ ನಡುಗುತ್ತಿತ್ತು. ನನಗೆ ಎಲ್ಲ ಮತ್ತೆ ಮೊದಲಿನಿಂದ ಎನ್ನಿಸಿತು. ಇದು ಸೊಕ್ಕಲ್ಲ ತಾಯಿ, ತವರಿಗೆ ಅಟ್ಟಬೇಡಿ ಎಂದು ಹೇಳಲು ಮಾತು ಜೋಡಿಸಿಕೊಂಡು ಎದ್ದು ನಿಂತೆ. ದೊಡ್ಡ ಡಾಕ್ಟರೂ ಒಳಗಿನಿಂದ ಬಂದು ನನ್ನ ಪಕ್ಕ ನಿಂತರು. ಈಗ ಜಗಲಿಗೆ ಅವರೇ ಬರುತ್ತಿದ್ದರು.

“ಕಾಯಿಲೆ ಅಂತ ಗೊತ್ತು ಡಾಕ್ಟ್ರಮ್ಮ,” ಅಂದಳು ಆ ಅತ್ತೆ, ನಾನು ಬಾಯಿ ತೆರೆಯುವ ಮೊದಲೇ. “ಆ ಕಾಡಿನ ಕಡೆ ಊರಿಂದ ಒಬ್ಬ ಹುಡುಗಿ ಬಂದಿದ್ಲು. ನಮಗೇನು ನೆಂಟ್ರಲ್ಲ, ಗುರ್ತಿಲ್ಲ. ಸುದ್ದಿ ಕೇಳಿ ಗಂಡನ್ನ ಕರ್ಕಂಡು ನಡೆದೇ ಬಂದಿದ್ಲು. ನನಗೂ ಹಿಂಗೇ ಆಗಿತ್ತು, ಈಗ ನೋಡ್ರಿ ಚೆನ್ನಾಗಿದೀನಿ, ಇವಳನ್ನ ಬೈಬೇಡಿ ಅಂತ ನಮ್ಮನೇಲಿ ಕೂತು ಹೇಳಿ ಹೋದ್ಲು.”

ನಾನು ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಇನ್ನೊಂದು ಸಲ ಹೇಳು ಎಂದರು. ಇನ್ನೊಂದು ಸಲ ಹೇಳಿದೆ. ಆ ಹಳ್ಳಿಗೂ ಈ ಊರಿಗೂ ಎಷ್ಟು ದೂರ ಎಂದು ಕೇಳಿದರು. ನಡೆದರೆ ಬೆಳಗಿನಿಂದ ಸಂಜೆ ಎಂದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಜಗಲಿಯ ಅಂಚಿಗೆ ಜನರ ನಡುವೆಯೇ ಕೂತುಬಿಟ್ಟರು.

ವಾಸಿಯಾಗಲು ಎಷ್ಟು ಕಾಲ ಬೇಕು, ಅದಿಷ್ಟು ಹೇಳಿದರೆ ಸಾಕು ಎಂದಳು ಅತ್ತೆ. ಒಂದೆರಡು ತಿಂಗಳು, ಹೆಚ್ಚೂ ಆಗಬಹುದು, ಖಂಡಿತ ಹೇಳಲಾರೆ ಎಂದೆ. ಸೊಸೆ ಅಷ್ಟು ಹೊತ್ತಿಗೆ ಮತ್ತೇನೋ ಬೈದಳು. ಅತ್ತೆ ಅವಳ ನಡುಗುವ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಒತ್ತಿ ಹಿಡಿದಳು.

“ಅಷ್ಟೇನಾ,” ಅಂದಳು. “ನಾವು ಕಾಯ್ತೀವಿ.”